ಮುಚ್ಚಿದ ರೈಲುಮಾರ್ಗದ ಚರಿತ್ರೆ ಹುಡುಕುವ ಬಗೆ: ರೊಂದಾ ಕಣಿವೆಯಲ್ಲಿ ಕಲಿತದ್ದು

ಹಳಿ ಕಿತ್ತ ಮಾರ್ಗದ ಚರಿತ್ರೆ ಹುಡುಕುವವರು ಸಾಮಾನ್ಯವಾಗಿ ನಿಲ್ದಾಣಗಳ ಪಟ್ಟಿಯಿಂದ ಶುರುಮಾಡುತ್ತಾರೆ. ನೀವು ಹಾಗೆ ಮಾಡಬೇಡಿ. ಗಣಿ ಸೀಮೆಯಲ್ಲಿ ಮೊದಲು ಕೇಳಬೇಕಾದದ್ದು ಇದು: ಈ ಮಾರ್ಗ ಯಾವ ಗಣಿಯ ಕಲ್ಲಿದ್ದಲನ್ನು ಯಾವ ಬಂದರಿಗೆ ಹೊತ್ತಿತು?

ದಕ್ಷಿಣ ವೇಲ್ಸ್‌ನ ರೊಂದಾ ಕಣಿವೆಯನ್ನೇ ನೋಡಿ. ಅಲ್ಲಿನ ಕಲ್ಲಿದ್ದಲಿನ ಬಹುಪಾಲು ಟಾಫ್ ವೇಲ್ ಕಂಪನಿಯ ಹಳಿ ಹಿಡಿದು ಕಾರ್ಡಿಫ್ ಕಡೆಗೆ ಇಳಿಯುತ್ತಿತ್ತು. ಆ ಹಿಡಿತ ತಪ್ಪಿಸಿ ಸ್ವಾನ್ಸಿ ಬಂದರಿಗೆ ಸಾಗಿಸಲೆಂದು 1882ರಲ್ಲಿ ಹೊಸ ರೈಲು ಕಂಪನಿ ಹುಟ್ಟಿತು. ಅಡ್ಡ ನಿಂತ ಬೆಟ್ಟವನ್ನು ಕೊರೆದು 3,148 ಮೀಟರ್ ಉದ್ದದ ಸುರಂಗ ಮಾಡಿದರು; 1890ರಲ್ಲಿ ರೈಲು ಓಡಿತು. ಬಂದರು ಯಾವುದೆಂದು ತಿಳಿದರೆ, ಕಣಿವೆಯ ತುದಿಯಲ್ಲಿ ಮಾರ್ಗ ಬೆಟ್ಟದೊಳಕ್ಕೆ ಏಕೆ ನುಗ್ಗಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದೆ ನಕ್ಷೆ. ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಬ್ರಿಟನ್ನಿನ ಸರಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೇಯ ಹಳೆಯ ನಕ್ಷೆಗಳು ಉಚಿತವಾಗಿ ಸಿಗುತ್ತವೆ, ವೇಲ್ಸ್‌ನವೂ ಸೇರಿ. ಮೈಲಿಗೆ 25 ಇಂಚಿನ ನಕ್ಷೆಯನ್ನೇ ತೆರೆಯಿರಿ. ಆರು ಇಂಚಿನದರಲ್ಲಿ ಗಣಿಯ ಒಳಹಳಿಗಳು ಒಂದಕ್ಕೊಂದು ಅಂಟಿಕೊಂಡು ಕಣ್ಣು ಸೋಲುತ್ತದೆ. ಎರಡು ಕಾಲದ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಳೆಯದರಲ್ಲಿದ್ದ ಕವಲು ಹಳಿ ಹೊಸದರಲ್ಲಿ ಮಾಯವಾಗಿದ್ದರೆ, ಆ ನಡುವೆ ಗಣಿಗೆ ಏನಾಯಿತೆಂದು ಹುಡುಕಿ.

ಆಮೇಲೆ ನಡೆಯಿರಿ, ಚಳಿಗಾಲದಲ್ಲಿ. ಆಗ ಜರೀಗಿಡ ಒಣಗಿ ಬಿದ್ದು ಹಳೆಯ ಒಡ್ಡಿನ ಅಂಚು ಎದ್ದು ಕಾಣುತ್ತದೆ. ಕಾಲುದಾರಿ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ರೈಲಿನ ದಾರಿ ಮಾತ್ರ ಒಂದೇ ಸಮನೆ ಏರುತ್ತದೆ. ಒಂದು ಒಡ್ಡಿನ ಮೇಲೆ ನಾನು ಹುಲ್ಲಿನ ಬೇರು ಸರಿಸಿದೆ. ಮೇಲೆ ಎರಡು ಬೆರಳಷ್ಟು ಮಣ್ಣು, ಕೆಳಗೆ ಎಂಜಿನ್ನಿನ ಬೂದಿ, ಅದರಡಿ ಒರಟು ಜಲ್ಲಿ. ಉಗುರಿಗೆ ಹತ್ತಿದ ಕಪ್ಪು ಸಂಜೆಯವರೆಗೂ ಹೋಗಲಿಲ್ಲ. ಆ ಕ್ಷಣದ ಖುಷಿಯನ್ನು ಯಾವ ಕಡತವೂ ಕೊಟ್ಟಿಲ್ಲ. ಆದರೆ ಸುರಂಗದ ಬಾಯಿಗಾಗಲಿ, ಗಣಿಯ ಗುಂಡಿಗಾಗಲಿ ಖಂಡಿತ ಇಳಿಯಬೇಡಿ.

ಮುಚ್ಚಿದ ಕಾರಣದ ವಿಷಯದಲ್ಲಿ ಅವಸರ ಬೇಡ. ಬ್ರಿಟನ್ನಿನ ನಷ್ಟದ ರೈಲುಮಾರ್ಗಗಳನ್ನು ಮುಚ್ಚಲು ಹೇಳಿದ 1963ರ ಬೀಚಿಂಗ್ ವರದಿಯೇ ಎಲ್ಲವನ್ನೂ ಮುಚ್ಚಿಸಿತು ಎನ್ನುವುದು ರೂಢಿ. ಆದರೆ ರೊಂದಾ ಸುರಂಗದಲ್ಲಿ 1968ರ ಫೆಬ್ರುವರಿಯಲ್ಲಿ ರೈಲು ನಿಂತದ್ದು ಒಳಗೋಡೆ ತಿರುಚಿಕೊಂಡದ್ದರಿಂದ, ಅದಕ್ಕೆ ಕಾರಣ ಗಣಿಗಾರಿಕೆ. ಆಗ ಅದನ್ನು ತಾತ್ಕಾಲಿಕ ಎಂದರು, ಪ್ರಯಾಣಿಕರಿಗೆ ಬಸ್ಸು ಬಿಟ್ಟರು. ಅಧಿಕೃತವಾಗಿ ಮುಚ್ಚಿದ್ದು 1970ರಲ್ಲಿ. ಎರಡು ತಾರೀಖನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ಊರ ಹಿರಿಯರನ್ನು ‘ರೈಲು ಯಾವಾಗ ನಿಂತಿತು’ ಎಂದು ಕೇಳುವ ಬದಲು ‘ಬಸ್ಸು ಯಾವಾಗ ಶುರುವಾಯಿತು’ ಎಂದು ಕೇಳಿ.