ನ್ಯೂ ಹ್ಯಾಂಪ್‌ಶೈರ್ ಗುಡ್ಡದ ಕಲ್ಲು ಮರಳು ಮಣ್ಣು: ಗುಂಡಿ ತೆಗೆದು ನೋಡೋದು ಹೇಗೆ, ನೋಡಿದ್ಮೇಲೆ ಏನ್ ಮಾಡೋದು

ಅಮೆರಿಕದ ಬಾಸ್ಟನ್ ಕಡೆಯಿಂದ ಉತ್ತರಕ್ಕೆ ಹೋಗಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮನೆನೋ ಜಾಗನೋ ತಗೊಂಡಿರೋ ನಮ್ಮವರು ಈಗ ಸುಮಾರು ಜನ ಇದ್ದಾರೆ. ಮೊದಲ ಬೇಸಿಗೆಯಲ್ಲೇ ಮೆಂತ್ಯ, ದಂಟು, ಬೆಂಡೆ ಹಾಕೋಣ ಅಂತ ಸಲಿಕೆ ಹಿಡಿದ್ರೆ ಅರ್ಧ ಅಡಿಗೇ ಠಣ್ ಅನ್ನತ್ತೆ. ಕಲ್ಲು ತೆಗೆದ್ರೆ ಅದರ ಕೆಳಗೆ ಇನ್ನೊಂದು ಕಲ್ಲು, ಮಧ್ಯದಲ್ಲಿ ಒರಟು ಮರಳು. "ಇದು ಬರೀ ಮರಳು, ನೀರು ನಿಲ್ಲಲ್ಲ, ಹತ್ತು ಚೀಲ ಮಣ್ಣು ತಂದು ಸುರೀರಿ" ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ಮಾತ್ರ ನಿಜ. ಮೇಲೆ ನೋಡೋಕೆ ಒಂದೇ ಥರ ಇರೋ ಎರಡು ಜಾಗ ಎರಡು ಮೂರು ಅಡಿ ಕೆಳಗೆ ಪೂರ್ತಿ ಬೇರೆ ಬೇರೆ ಇರಬಹುದು, ನಿಮ್ಮ ತೋಟ, ಸೆಪ್ಟಿಕ್, ಬೇಸ್‌ಮೆಂಟ್ ಎಲ್ಲದರ ಹಣೆಬರಹ ಬರೆದಿರೋದು ಅಲ್ಲೇ. ಹಾಗಾಗಿ ದುಡ್ಡು ಖರ್ಚು ಮಾಡೋಕೆ ಮುಂಚೆ ಒಂದು ಗುಂಡಿ ತೆಗೀರಿ.

ಈ ಮಣ್ಣು ಬಂದಿದ್ದು ಎಲ್ಲಿಂದ ಅಂತ ಗೊತ್ತಿದ್ರೆ ಮುಂದಿನ ಕೆಲಸ ಸುಲಭ. ನಮ್ಮ ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಇದ್ದಲ್ಲೇ ಇದ್ದು, ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಕೊಳೆತು ಆದ ಮಣ್ಣು. ಇಲ್ಲಿಯದು ಹಾಗಲ್ಲ. ಸುಮಾರು 20,000 ವರ್ಷದ ಹಿಂದೆ ಕೆನಡಾ ಕಡೆಯಿಂದ ಇಳಿದ ಲಾರೆನ್ಟೈಡ್ ಅನ್ನೋ ಹಿಮದ ಹಾಳೆ ಇಡೀ ನ್ಯೂ ಇಂಗ್ಲೆಂಡನ್ನ ಮುಚ್ಚಿತ್ತು, 1,917 ಮೀಟರ್ ಎತ್ತರದ ಮೌಂಟ್ ವಾಷಿಂಗ್ಟನ್ ಕೂಡ ಅದರಡಿ ಮುಳುಗಿತ್ತು. ಆ ಹಿಮ ಗ್ರಾನೈಟ್ ಗುಡ್ಡಗಳನ್ನ ಕೆರೆದು, ಕಿತ್ತು, ಅರೆದು, ಮುಂದೆ ಎಳ್ಕೊಂಡು ಹೋಗಿ, ಕರಗುವಾಗ ಎಲ್ಲಾನೂ ಕಲಸಿ ಬಿಟ್ಟು ಹೋಯ್ತು. ಇದನ್ನೇ ಟಿಲ್ ಅಂತಾರೆ. ನೀರು ತಂದು ಹಾಕಿದ ಮಣ್ಣಾದ್ರೆ ದಪ್ಪ ಸಣ್ಣ ಬೇರೆ ಬೇರೆ ಆಗಿರತ್ತೆ, ಹಿಮಕ್ಕೆ ಆ ವಿಂಗಡಣೆ ಎಲ್ಲ ಗೊತ್ತಿಲ್ಲ, ನುಣ್ಣನೆ ಪುಡಿ ಪಕ್ಕದಲ್ಲೇ ಮನೆಯಷ್ಟು ದೊಡ್ಡ ಬಂಡೆ ಇಟ್ಟು ಹೋಗತ್ತೆ. ನಂಬಿಕೆ ಬರದಿದ್ರೆ ಮ್ಯಾಡಿಸನ್ ಊರಲ್ಲಿರೋ ಮ್ಯಾಡಿಸನ್ ಬೋಲ್ಡರ್ ನೋಡಿ ಬನ್ನಿ, 83 ಅಡಿ ಉದ್ದದ ಒಂದೇ ಕಲ್ಲು. ಗ್ರಾನೈಟ್ ಅರೆದ್ರೆ ಮರಳೇ ಜಾಸ್ತಿ ಬರೋದು, ಜೇಡಿ ತೀರಾ ಕಡಿಮೆ, ಆಮೇಲೆ ಹಿಮ ಹೋಗಿ ಬರೀ ಹದಿಮೂರು ಹದಿನಾಲ್ಕು ಸಾವಿರ ವರ್ಷ ಅಷ್ಟೇ ಆಗಿರೋದ್ರಿಂದ ಆ ಮರಳು ಕೊಳೆತು ಜೇಡಿ ಆಗೋಕೂ ಟೈಮ್ ಸಿಕ್ಕಿಲ್ಲ.

ಮೊದಲು ಮನೇಲಿ ಕೂತು ಮಾಡೋ ಕೆಲಸ. ಯುಎಸ್‌ಡಿಎ (ಅಮೆರಿಕದ ಕೃಷಿ ಇಲಾಖೆ) ಅವರ ವೆಬ್ ಸಾಯಿಲ್ ಸರ್ವೇ ಅಂತ ಒಂದು ಫ್ರೀ ಮ್ಯಾಪ್ ಇದೆ, ನಿಮ್ಮ ಅಡ್ರೆಸ್ ಹಾಕಿ ಜಾಗದ ಸುತ್ತ ಗೆರೆ ಎಳೆದ್ರೆ ಅಲ್ಲಿಯ ಮಣ್ಣಿನ ಹೆಸರು ಬರತ್ತೆ. ಹರ್ಮನ್ ಅಂತ ಬಂದ್ರೆ ಸಡಿಲ ಮರಳು, ತುಂಬಾ ಕಲ್ಲು, ನೀರು ಸರ್ರಂತ ಇಳಿಯತ್ತೆ. ಮೊನಾಡ್ನಾಕ್ ಅಂತ ಬಂದ್ರೆ ಮೇಲೆ ಸ್ವಲ್ಪ ಮೆತ್ತಗಿನ ಮಣ್ಣು, ಕೆಳಗೆ ಮರಳು. ಮಾರ್ಲೋ, ಪೆರು, ಬೆಕೆಟ್ ಅಂತ ಬಂದ್ರೆ ಕೆಳಗೆ ಗಟ್ಟಿ ಪದರ ಇದೆ ಅಂತ ಅರ್ಥ. ಲೈಮನ್ ಅಂದ್ರೆ 20 ಇಂಚು ಒಳಗೇ ಬಂಡೆ ಸಿಗತ್ತೆ, ಅಲ್ಲಿ ಬೇಸ್‌ಮೆಂಟ್ ಕನಸು ಕಾಣಬೇಡಿ. ಆದ್ರೆ ಮ್ಯಾಪನ್ನೇ ಪೂರ್ತಿ ನಂಬ್ಕೊಂಡು ಕೂರೋಕಾಗಲ್ಲ, ಕೆಲವು ಎಕರೆಗಿಂತ ಚಿಕ್ಕ ವ್ಯತ್ಯಾಸ ಅದರಲ್ಲಿ ಕಾಣಲ್ಲ, ನಿಮ್ಮ ಹಿತ್ತಿಲು ಅಂತೂ ಅದಕ್ಕಿಂತ ಚಿಕ್ಕದೇ.

ಈಗ ಗುಂಡಿ. ಅಗೆಯೋಕೆ ಮುಂಚೆ 811ಕ್ಕೆ ಫೋನ್ ಮಾಡಿ, ಕರೆಂಟು ಗ್ಯಾಸ್ ಲೈನ್ ಎಲ್ಲಿದೆ ಅಂತ ಬಂದು ಗುರುತು ಹಾಕಿ ಹೋಗ್ತಾರೆ, ದುಡ್ಡಿಲ್ಲ. ಬರೀ ಸಲಿಕೆ ಸಾಲಲ್ಲ, ಹಾರೆ ಮತ್ತೆ ಪಿಕಾಸಿ ಬೇಕು. ಮೇ ಕೊನೆ, ಜೂನ್‌ನಲ್ಲಿ ಹೋದ್ರೆ ಕಪ್ಪು ನೊಣ ಮುಖಕ್ಕೆ ಮುತ್ತತ್ತೆ, ಹುಲ್ಲಲ್ಲಿ ಉಣ್ಣಿ ಬೇರೆ, ಪ್ಯಾಂಟನ್ನ ಸಾಕ್ಸ್ ಒಳಗೆ ಸೇರಿಸ್ಕೊಳ್ಳಿ. ಮೂರು ಅಡಿ ಆಳ ಅಗೆದು ಒಂದು ಬದಿಯನ್ನ ನೆಟ್ಟಗೆ ಕೆತ್ತಿ ಕ್ಲೀನ್ ಮಾಡಿ, ಬೆಳಕಲ್ಲಿ ನೋಡಿ. ಇಲ್ಲಿ ಬಣ್ಣ ನೋಡೋದೇ ಒಂದು ಖುಷಿ. ಯಾವತ್ತೂ ಉಳುಮೆ ಮಾಡದ ಕಾಡು ಜಾಗ ಆದ್ರೆ ಮೇಲೆ ಕೊಳೆತ ಎಲೆಯ ಕಪ್ಪು ಹೊದಿಕೆ, ಅದರ ಕೆಳಗೆ ಬೂದಿ ಬಣ್ಣದ ತೆಳು ಪದರ, ಅದಾದ ತಕ್ಷಣ ಕಾಫಿ ಬಣ್ಣದ್ದೋ ಕೆಂಪು ಕಂದೋ ಒಂದು ಪದರ, ಆಮೇಲೆ ನಿಧಾನಕ್ಕೆ ಹಳದಿ, ಕೊನೆಗೆ ತಿಳಿ ಬೂದು. ಸ್ಪ್ರೂಸ್, ಫರ್ ಮರಗಳ ಎಲೆಯ ಆಮ್ಲ ಮೇಲಿನ ಕಬ್ಬಿಣ, ಅಲ್ಯೂಮಿನಿಯಂ ತೊಳೆದು ಕೆಳಗಿನ ಪದರದಲ್ಲಿ ಬಿಟ್ಟಿರತ್ತೆ, ಅದಕ್ಕೇ ಈ ಬಣ್ಣ. ಆ ಬೂದಿ ಪದರ ಕಾಣ್ತಿಲ್ಲ, ಮೇಲಿನ ಆರೇಳು ಇಂಚು ಒಂದೇ ಸಮ ಕಂದು ಅಂದ್ರೆ ಅಲ್ಲಿ ಹಿಂದೆ ಯಾರೋ ಉತ್ತಿರೋ ಸಾಧ್ಯತೆ ಜಾಸ್ತಿ. ಇವತ್ತು ಕಾಡಾಗಿರೋ ಎಷ್ಟೋ ಜಾಗ 1830-40ರ ಆಸುಪಾಸು ಕುರಿ ಮೇಯೋ ಹುಲ್ಲುಗಾವಲಾಗಿತ್ತು.

ಕಲ್ಲುಗಳನ್ನೂ ಕೈಯಲ್ಲಿ ಹಿಡಿದು ನೋಡಿ. ಟಿಲ್ ಕಲ್ಲಿಗೆ ಮೂಲೆ ಇರತ್ತೆ, ಒಂದು ಬದಿ ಉಜ್ಜಿ ಚಪ್ಪಟೆ ಆಗಿರಬಹುದು, ಕೆಲವದರ ಮೇಲೆ ಗೀರು ಕೂಡ. ಎಲ್ಲಾ ಕಲ್ಲೂ ಹೊಳೆಯ ಕಲ್ಲಿನ ಹಾಗೆ ಉರುಟಾಗಿದ್ದು, ಮರಳು ಪದರ ಪದರವಾಗಿ ಜೋಡಿಸಿದ್ರೆ ಅದು ಟಿಲ್ ಅಲ್ಲ, ಕರಗಿದ ಹಿಮದ ನೀರು ಹರಿದು ಹಾಕಿದ್ದು. ಅಲ್ಲಿ ಮುಂದೆ ಹೇಳೋ ಗಟ್ಟಿ ಪದರದ ತಲೆನೋವು ಇರಲ್ಲ, ಆದ್ರೆ ನೀರು ನಿಲ್ಲೋದು ಇನ್ನೂ ಕಡಿಮೆ.

ಈಗ ಮುಖ್ಯ ವಿಷಯ, ಗಟ್ಟಿ ಪದರ. ಟಿಲ್‌ನಲ್ಲಿ ಎರಡು ಥರ ಇದೆ. ಹಿಮದ ಮೇಲೆ, ಒಳಗೆ ಇದ್ದ ಕಲ್ಲುಮಣ್ಣು ಹಿಮ ಕರಗುವಾಗ ಹಾಗೇ ಕೆಳಗೆ ಕೂತಿದ್ದು ಸಡಿಲ, ಮರಳು ಜಾಸ್ತಿ. ಹಿಮದ ಅಡಿಯಲ್ಲಿ ಸಿಕ್ಕಾಕ್ಕೊಂಡು ಸಾವಿರಾರು ಅಡಿ ದಪ್ಪ ಹಿಮದ ಭಾರಕ್ಕೆ ಅದುಮಿ ಹೋಗಿದ್ದು ಗಟ್ಟಿ, ಇಲ್ಲಿಯವರು ಹಾರ್ಡ್‌ಪ್ಯಾನ್ ಅಂತಾರೆ. ಎಷ್ಟೋ ಕಡೆ ಸಡಿಲದ್ದು ಮೇಲೆ, ಗಟ್ಟಿದು ಕೆಳಗೆ. ಕಂಡುಹಿಡಿಯೋದು ಕಷ್ಟ ಏನಲ್ಲ: ಒಂದೂವರೆ ಎರಡು ಅಡಿ ಆದ್ಮೇಲೆ ಸಲಿಕೆ ಇದ್ದಕ್ಕಿದ್ದ ಹಾಗೆ ಇಳಿಯೋದು ನಿಲ್ಲಿಸತ್ತೆ, ಕಲ್ಲಿಗೆ ತಾಗಿದ ಸದ್ದೂ ಇಲ್ಲ, ಪಿಕಾಸಿಯಲ್ಲಿ ಒಂದು ಹೆಂಟೆ ಎಬ್ಬಿಸಿ ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ಹೊತ್ತು ತಡೆದು ಟಪ್ ಅಂತ ಚಪ್ಪಟೆ ಚಪ್ಪಟೆ ತುಂಡಾಗಿ ಒಡೆಯತ್ತೆ. ಬೇರು ನೋಡಿ, ಅಲ್ಲಿವರೆಗೆ ಕೆಳಗೆ ಬಂದಿದ್ದು ಆ ಪದರ ಸಿಕ್ಕಿದ ಕೂಡ್ಲೇ ಅಡ್ಡ ತಿರುಗಿರತ್ತೆ. ಅದರ ಮೇಲಿನ ಮಣ್ಣಲ್ಲಿ ಕಿತ್ತಳೆ ಚುಕ್ಕೆ, ಬೂದು ಚುಕ್ಕೆ ಬೆರೆತು ಕಂಡ್ರೆ ವರ್ಷದಲ್ಲಿ ಕೆಲವು ವಾರ ಅಲ್ಲಿ ನೀರು ನಿಂತಿರತ್ತೆ ಅಂತ ತಿಳ್ಕೊಳ್ಳಿ, ನೀವು ಆಗಸ್ಟ್‌ನಲ್ಲಿ ಅಗೆದಾಗ ಅಲ್ಲಿ ಒಣಗಿದ್ರೂ ಸರಿ. ಏಪ್ರಿಲ್‌ನಲ್ಲಿ ಹಿಮ ಕರಗಿದ ನೀರು ಮೇಲಿನ ಮರಳಲ್ಲಿ ಇಳಿದು ಈ ಪದರದ ಮೇಲೆ ಕೂತು ಆಮೇಲೆ ಇಳಿಜಾರಿನಲ್ಲಿ ಪಕ್ಕಕ್ಕೆ ಹರಿಯತ್ತೆ, ಸೀದಾ ನಿಮ್ಮ ಬೇಸ್‌ಮೆಂಟ್ ಗೋಡೆಗೆ. ಅದಕ್ಕೇ "ಮರಳು ಮಣ್ಣು, ನೀರು ನಿಲ್ಲಲ್ಲ" ಅನ್ನೋ ಮಾತನ್ನ ಗುಂಡಿ ನೋಡದೆ ಒಪ್ಪಬೇಡಿ. ಇಂಥಾ ಕಡೆ ಮನೆಯ ಮೇಲ್ಬದಿಗೆ ಒಂದು ಚರಂಡಿ ತೋಡಿ ಜಲ್ಲಿ, ತೂತಿನ ಪೈಪ್ ಹಾಕಿ ನೀರನ್ನ ಬೇರೆ ಕಡೆ ತಿರುಗಿಸಬೇಕು, ಹಣ್ಣಿನ ಗಿಡ ಹಾಕೋದಿದ್ರೆ ದಿಬ್ಬದ ಮೇಲೆ ಹಾಕಬೇಕು. ಸೆಪ್ಟಿಕ್‌ಗೆ ಎಷ್ಟು ಆಳದಲ್ಲಿ ಈ ನೀರಿನ ಗುರುತು ಇದೆ ಅನ್ನೋದರ ಮೇಲೇ ಡಿಸೈನ್ ನಿಲ್ಲೋದು, ಅದನ್ನ ಲೈಸೆನ್ಸ್ ಇರೋ ಡಿಸೈನರ್ ಕೈಲೇ ಮಾಡಿಸಿ.

ಆಮೇಲೆ ಕಲ್ಲಿನ ಲೆಕ್ಕ. ಇದನ್ನ ಜನ ಸಾಮಾನ್ಯವಾಗಿ ಮಾಡೋದೇ ಇಲ್ಲ, ನನ್ನ ಪ್ರಕಾರ ಮಾಡಲೇಬೇಕು. ಬಕೆಟ್ ಗಾತ್ರದ ಗುಂಡಿ ತೋಡಿ, ತೆಗೆದಿದ್ದೆಲ್ಲಾ ಒಂದು ತಾಡಪಾಲಿನ ಮೇಲೆ ಹಾಕಿ. ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಸಿ ಅಳತೆ ಮಾಡ್ಕೊಂಡು ನೀರು ತುಂಬಿ, ಎಷ್ಟು ಲೀಟರ್ ಹಿಡೀತೋ ಅದೇ ಗುಂಡಿಯ ಗಾತ್ರ. ಈಗ ತೆಗೆದ ಮಣ್ಣನ್ನ 2 ಮಿ.ಮೀ. ಜರಡಿಯಲ್ಲಿ ಜಾಲಿಸಿ, ಮೇಲೆ ಉಳಿದ ಕಲ್ಲನ್ನ ಗುರುತು ಹಾಕಿದ ಬಕೆಟ್ ನೀರಿಗೆ ಹಾಕಿ, ನೀರು ಎಷ್ಟು ಲೀಟರ್ ಏರ್ತು ನೋಡಿ. ಗುಂಡಿ 10 ಲೀಟರ್, ನೀರು ಏರಿದ್ದು 4 ಲೀಟರ್ ಅಂದ್ರೆ ಕಲ್ಲು 40 ಪರ್ಸೆಂಟ್. 35 ದಾಟಿದ್ರೆ ಮಣ್ಣು ವಿಜ್ಞಾನದವರು ಅದನ್ನ ಅಸ್ಥಿಪಂಜರದ ಮಣ್ಣು (ಸ್ಕೆಲಿಟಲ್, ಅಂದ್ರೆ ಕಲ್ಲು ಜಾಸ್ತಿ ಇರೋದು) ಅನ್ನೋ ಗುಂಪಿಗೇ ಸೇರಿಸ್ತಾರೆ. ಇದರಿಂದ ಏನು ಪ್ರಯೋಜನ ಅಂದ್ರೆ, ಗ್ರಾನೈಟ್ ಕಲ್ಲು ಹೆಚ್ಚುಕಮ್ಮಿ ನೀರನ್ನೇ ಹಿಡಿಯಲ್ಲ. ಮರಳು ಮಿಶ್ರ ಮಣ್ಣು ಒಂದು ಸೆಂ.ಮೀ. ಆಳಕ್ಕೆ ಸುಮಾರು 0.8 ಮಿ.ಮೀ. ನೀರು ಗಿಡಕ್ಕೆ ಕೊಡತ್ತೆ ಅಂತ ಇಟ್ಕೊಳ್ಳಿ, 60 ಸೆಂ.ಮೀ. ಬೇರಿಗೆ 48 ಮಿ.ಮೀ., ಅದರಲ್ಲಿ 40 ಪರ್ಸೆಂಟ್ ಕಲ್ಲು ಕಳೆದ್ರೆ 29. ಜುಲೈ ಬಿಸಿಲಲ್ಲಿ ತರಕಾರಿ ದಿನಕ್ಕೆ 4-5 ಮಿ.ಮೀ. ಎಳೆಯತ್ತೆ, ಅರ್ಧ ಖಾಲಿ ಆಗೋಕೆ ಮುಂಚೆ ನೀರು ಕೊಡಬೇಕು ಅಂದ್ರೆ ಮೂರು ದಿನಕ್ಕೊಮ್ಮೆ. ವಾರಕ್ಕೊಂದು ಸಲ ಪೈಪ್ ಹಿಡಿದು ಗಂಟೆಗಟ್ಟಲೆ ಬಿಟ್ರೆ ನೀರೂ ವೇಸ್ಟು, ಹಾಕಿದ ಗೊಬ್ಬರನೂ ತೊಳ್ಕೊಂಡು ನಿಮ್ಮದೇ ಬಾವಿಗೆ ಹೋಗತ್ತೆ. ಡ್ರಿಪ್ ಹಾಕಿ ಸ್ವಲ್ಪ ಸ್ವಲ್ಪ ಕೊಡೋದು ಬೆಸ್ಟು, ನೈಟ್ರೋಜನ್ ಕೂಡ ಒಂದೇ ಸಲ ಸುರೀದೆ ಮೂರ್ನಾಲ್ಕು ಕಂತಲ್ಲಿ.

ಕೈಯಲ್ಲಿ ಮಣ್ಣು ನೋಡೋದು ಎಲ್ಲರಿಗೂ ಗೊತ್ತಿರೋದೇ, ಒದ್ದೆ ಮಾಡಿ ಉಂಡೆ ಕಟ್ಟಿ, ಹೆಬ್ಬೆರಳು ತೋರುಬೆರಳ ಮಧ್ಯೆ ಪಟ್ಟಿ ತೆಗೀರಿ, ಪಟ್ಟಿ ಬರದೆ ಉಂಡೆ ಮಾತ್ರ ನಿಂತು ಮುಟ್ಟಿದ್ರೆ ಉದುರಿದ್ರೆ ಮರಳೇ ಜಾಸ್ತಿ. ಬಾಟಲಿ ಟೆಸ್ಟ್ ಬೇಕಂದ್ರೆ ಜರಡಿ ಹಿಡಿದ ಮಣ್ಣು, ನೀರು, ಒಂದು ತೊಟ್ಟು ಪಾತ್ರೆ ಸೋಪು ಹಾಕಿ ಕುಲುಕಿ ಇಡಿ, ಒಂದು ನಿಮಿಷದಲ್ಲಿ ಕೂತಿದ್ದು ಮರಳು.

ಹುಳಿ ವಿಷಯಕ್ಕೆ ಬರೋಣ. ಕಾಡು ಜಾಗದಲ್ಲಿ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕಡಿಮೆ ಅಂದ್ರೆ ಹುಳಿ) 4ರಿಂದ 5ರ ಮಧ್ಯೆ ಇರೋದು ಮಾಮೂಲಿ. ಗ್ರಾನೈಟಲ್ಲಿ ಸುಣ್ಣದ ಅಂಶವೇ ಕಡಿಮೆ, ಅದರ ಮೇಲೆ ದಶಕಗಟ್ಟಲೆ ಆಸಿಡ್ ಮಳೆ ಇದ್ದ ಕ್ಯಾಲ್ಸಿಯಂನೂ ತೊಳೆದಿದೆ. ಇದನ್ನ ಜಗತ್ತಿಗೆ ತೋರಿಸಿದ ಜಾಗಗಳಲ್ಲಿ ಒಂದು ಇದೇ ರಾಜ್ಯದ ವೈಟ್ ಮೌಂಟನ್ಸ್ ಬೆಟ್ಟಸಾಲಿನ ಹಬ್ಬರ್ಡ್ ಬ್ರೂಕ್ ಕಾಡು, 1963ರಿಂದ ಅಲ್ಲಿ ಮಳೆ ನೀರು, ಹಳ್ಳದ ನೀರಲ್ಲಿ ಏನೇನಿದೆ ಅಂತ ಅಳೀತಾ ಇದ್ದಾರೆ. 1999ರಲ್ಲಿ ಒಂದು ಪುಟ್ಟ ಕಣಿವೆ ಮೇಲೆ ಹೆಲಿಕಾಪ್ಟರಿಂದ ಕ್ಯಾಲ್ಸಿಯಂ ಖನಿಜದ ಉಂಡೆ ಉದುರಿಸಿದ್ರು, ಅಲ್ಲಿಯ ಶುಗರ್ ಮೇಪಲ್ ಮರಗಳು ಚೇತರಿಸ್ಕೊಂಡ್ವು. ನಿಮಗೆ ಹೆಲಿಕಾಪ್ಟರ್ ಬೇಡ, ಯೂನಿವರ್ಸಿಟಿ ಎಕ್ಸ್‌ಟೆನ್ಷನ್ (ರೈತರಿಗೆ, ತೋಟ ಮಾಡೋರಿಗೆ ಸಲಹೆ ಕೊಡೋ ವಿಭಾಗ) ಮೂಲಕ ಮಣ್ಣು ಟೆಸ್ಟ್ ಮಾಡಿಸಿ ರಿಪೋರ್ಟ್ ಹೇಳಿದಷ್ಟು ಡೊಲೊಮೈಟ್ ಸುಣ್ಣ ಸೆಪ್ಟೆಂಬರ್ ಅಕ್ಟೋಬರಲ್ಲಿ ಹಾಕಿ. ಒಂದು ವಿಷಯ ಮಾತ್ರ ಗಮನ ಇಡಿ: ಲ್ಯಾಬಿನವರು ಕಲ್ಲು ಜರಡಿ ಹಿಡಿದು ಬಿಸಾಕಿ 2 ಮಿ.ಮೀ.ಗಿಂತ ಸಣ್ಣ ಮಣ್ಣನ್ನ ಮಾತ್ರ ಟೆಸ್ಟ್ ಮಾಡೋದು, ನಿಮ್ಮ ಜಾಗದಲ್ಲಿ 40 ಪರ್ಸೆಂಟ್ ಕಲ್ಲು ಇದ್ರೆ ನಿಜವಾದ ಮಣ್ಣು ಇರೋದು 60 ಪರ್ಸೆಂಟ್, ಹಾಗಾಗಿ ಸುಣ್ಣನೂ ಆ ಲೆಕ್ಕಕ್ಕೆ ಇಳಿಸ್ಕೊಂಡು ಶುರು ಮಾಡಿ, ಮುಂದಿನ ವರ್ಷ ಮತ್ತೆ ಟೆಸ್ಟ್ ಮಾಡಿಸಿ. ಜೇಡಿ ಇಲ್ಲದ ಮಣ್ಣಾದ್ದರಿಂದ ಗೊಬ್ಬರ ಹಿಡಿದಿಡೋ ಕೆಲಸ ಪೂರ್ತಿ ಕೊಳೆತ ಎಲೆ ಕಾಂಪೋಸ್ಟಿನದೇ, ಪ್ರತಿ ವರ್ಷ ಎರಡು ಇಂಚು ಕಾಂಪೋಸ್ಟ್, ಮೇಲೆ ಎಲೆ ಮುಚ್ಚಿಗೆ. ಆ ಕಪ್ಪು ಹೊದಿಕೆಯನ್ನ ಜೆಸಿಬಿಯಲ್ಲಿ ಕೆರೆದು ಲಾರಿಗೆ ತುಂಬಿ ಕಳಿಸೋರನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ.

ಏನು ಹಾಕಬಹುದು ಅಂದ್ರೆ, ಸುಣ್ಣ ಹಾಕದೆ ಹಾಗೇ ಬಿಟ್ಟ ಜಾಗದಲ್ಲಿ ಬ್ಲೂಬೆರಿ, ಅದಕ್ಕೆ ಹುಳಿ ಮಣ್ಣೇ ಬೇಕು, ಬೂದಿ ಮಾತ್ರ ಅದರ ಹತ್ರ ಹಾಕಬೇಡಿ. ಆಲೂಗೆಡ್ಡೆನೂ ಹುಳಿ ತಡ್ಕೊಳತ್ತೆ. ಮೂಲಂಗಿ, ಕ್ಯಾರೆಟ್ ಬೇಕಂದ್ರೆ ಒಂದಡಿ ಎತ್ತರದ ಬೆಡ್ ಕಟ್ಟಿ, ಇಲ್ಲಾಂದ್ರೆ ಕಲ್ಲಿಗೆ ತಾಗಿ ಕವಲೊಡೆದು ವಿಚಿತ್ರ ಆಕಾರ ಬರತ್ತೆ. ಮೆಂತ್ಯ, ದಂಟು, ಹರಿವೆ ಸುಣ್ಣ ಕಾಂಪೋಸ್ಟ್ ಕಂಡ ಜಾಗದಲ್ಲಿ ಆರಾಮಾಗಿ ಬರತ್ತೆ. ಈ ಮರಳು ವಸಂತದಲ್ಲಿ ಬೇಗ ಬಿಸಿ ಆಗತ್ತೆ ಅನ್ನೋದು ಒಂದು ಲಾಭ, ಹಾಗಂತ ಮೇ ಕೊನೆಗೆ ಮುಂಚೆ ಬೆಂಡೆ ಸಸಿ ಹೊರಗಿಡಬೇಡಿ, ಇಬ್ಬನಿ ಹೆಪ್ಪುಗಟ್ಟಿ ಹೋಗಿಬಿಡತ್ತೆ. ಊರಿಂದ ತಂದ ಅವರೆ ಬೀಜದ ಮೇಲೆ ಆಸೆ ಇಟ್ಕೊಬೇಡಿ, ನಮ್ಮ ನಾಟಿ ಅವರೆ ಹಗಲು ಚಿಕ್ಕದಾದ್ಮೇಲೇ ಹೂ ಬಿಡೋದು, ಅಷ್ಟೊತ್ತಿಗೆ ಇಲ್ಲಿ ಚಳಿ ಬಂದು ಬಳ್ಳಿ ಕರಟಿರತ್ತೆ, ಮಣ್ಣು ಎಷ್ಟೇ ಚೆನ್ನಾಗಿದ್ರೂ.

ಕೊನೆಗೆ ಕಲ್ಲು ಆರಿಸೋ ಕೆಲಸ. ಒಂದು ಸಲ ಆರಿಸಿದ್ರೆ ಮುಗೀತು ಅಂದ್ಕೊಂಡ್ರೆ ಅದು ಮುಗಿಯಲ್ಲ, ಚಳಿಗಾಲದಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬುವಾಗ ಕಲ್ಲನ್ನ ಮೇಲೆ ಎತ್ತತ್ತೆ, ಕರಗುವಾಗ ಆ ಖಾಲಿ ಜಾಗಕ್ಕೆ ಸಣ್ಣ ಮಣ್ಣು ಸೇರ್ಕೊಳತ್ತೆ, ಹಾಗಾಗಿ ಪ್ರತಿ ಏಪ್ರಿಲ್‌ಗೆ ಹೊಸ ಬೆಳೆ. ಬೇಲಿ ಕಂಬ, ಡೆಕ್ಕಿನ (ಮನೆಗೆ ತಾಗಿದ ಮರದ ಕಟ್ಟೆಯ) ಫುಟಿಂಗ್, ಅಂದ್ರೆ ಅಡಿಪಾಯ ಕೂಡ ಹೀಗೇ ಮೇಲೆ ಬರತ್ತೆ, ಅದಕ್ಕೇ ಫುಟಿಂಗನ್ನ ನಾಲ್ಕು ಅಡಿ ಇಳಿಸೋದು. ಆರಿಸಿದ ಕಲ್ಲನ್ನ ದಪ್ಪ ಸಣ್ಣ ಬೇರೆ ಮಾಡಿ ಇಟ್ಕೊಳ್ಳಿ, ಸಣ್ಣದು ಚರಂಡಿಗೆ, ಚಪ್ಪಟೆಯದು ಬೆಡ್ ಕಟ್ಟೋಕೆ. ಕಾಡೊಳಗೆ ಕಾಣೋ ಹಳೇ ಕಲ್ಲಿನ ಗೋಡೆಗೆ ಮಾತ್ರ ಕೈ ಹಾಕಬೇಡಿ, ಎಷ್ಟೋ ಕಡೆ ಅದೇ ಜಾಗದ ಗಡಿ, ಗಡಿ ಗೋಡೆಯ ಕಲ್ಲು ಕಿತ್ರೆ ಈ ರಾಜ್ಯದಲ್ಲಿ ಪಕ್ಕದವರು ಕೋರ್ಟಿಗೆ ಹೋಗಬಹುದು.