ಐದರ ಎಣಿಕೆ, ನಾಲ್ಕು ಸ್ವರ: ಅಬ್ಬರದ ಆರ್ಕೆಸ್ಟ್ರಾ ಹುಡುಕಿದ ನನ್ನ ಅನುಭವ

ಕಲಬುರಗಿಯಲ್ಲಿ ಮೇ ತಿಂಗಳ ಕೆಲವು ಸಂಜೆ ಆಕಾಶ ದೂಳಿನ ಬಣ್ಣಕ್ಕೆ ತಿರುಗುತ್ತದೆ. ಗಾಳಿ ಎದ್ದು ತಗಡುಗಳು ಬಡಿದುಕೊಳ್ಳುತ್ತವೆ, ಮಳೆ ಮಾತ್ರ ಇನ್ನೂ ಬಂದಿರುವುದಿಲ್ಲ. ಆ ಹತ್ತು ನಿಮಿಷ ಎದೆಯೊಳಗೆ ಏನಾಗುತ್ತದೋ ಅದು ನನಗೆ ಪಾಶ್ಚಾತ್ಯ ಶಾಸ್ತ್ರೀಯ ಆರ್ಕೆಸ್ಟ್ರಾ ಸಂಗೀತದಲ್ಲಿ ಬೇಕಿತ್ತು.

ಯೂಟ್ಯೂಬ್‌ನಲ್ಲಿ 'ಡಾರ್ಕ್ ಕ್ಲಾಸಿಕಲ್' ಅಂತ ಹುಡುಕಿದರೆ ಬರೋದೇ ಬೇರೆ. ಮಳೆ ಸದ್ದಿನ ಜೊತೆ ನಿಧಾನ ಪಿಯಾನೊ, ಗಂಟೆಗಟ್ಟಲೆ. ಅದು ಬೇಸರದ ಸಂಗೀತ. ಬೇಸರ ಬೇರೆ, ಮೈ ನಡುಗಿಸೋ ಅಬ್ಬರ ಬೇರೆ, ಅಲ್ವಾ? ಹೀಗೇ ಕೆಲವು ತಿಂಗಳು ಹೋದವು.

ಆಮೇಲೆ ಹುಡುಕೋದು ಬಿಟ್ಟು, ಮೊದಲೇ ಇಷ್ಟವಾಗಿದ್ದ ಒಂದೇ ಕೃತಿಯನ್ನು ಹಿಡಿದು ಕೂತೆ. ಇಂಗ್ಲೆಂಡಿನ ಸಂಗೀತಕಾರ ಗುಸ್ತಾವ್ ಹೋಲ್ಸ್ಟ್‌ನ 'ದಿ ಪ್ಲಾನೆಟ್ಸ್' ಇದೆಯಲ್ಲ, ಅದರ ಮೊದಲ ಭಾಗ 'ಮಾರ್ಸ್' (ಮಂಗಳ), 1914ರದ್ದು. ಇದರಲ್ಲಿ ನನ್ನನ್ನು ಹಿಡಿದಿರೋದು ಏನು? ತೊಡೆ ಮೇಲೆ ತಾಳ ಹಾಕಿ ನೋಡಿದೆ. ನಾಲ್ಕಕ್ಕೆ ಕೂಡಲಿಲ್ಲ. ಐದು! ಹತ್ತು ಮಾತ್ರೆಯ ಝಪ್‌ತಾಳದ ಅರ್ಧ ಇದ್ದಂಗೆ, ಆದರೆ ಕಾಲು ಊರಲು ಬಿಡದೆ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಶುರುವಿನ ಆ ಟಕಟಕ ಸದ್ದು ಬರೋದು ಪಿಟೀಲಿನವರು ಕಮಾನಿನ ಕೂದಲು ಬಿಟ್ಟು ಕಟ್ಟಿಗೆಯಿಂದ ತಂತಿಗೆ ಹೊಡೆಯೋದರಿಂದ.

ಅಲ್ಲಿಂದ ನನ್ನ ಹುಡುಕಾಟದ ದಾರಿ ಬದಲಾಯಿತು. 'ಡಾರ್ಕ್' ಬಿಟ್ಟು, ಐದರ ಎಣಿಕೆಯ ಆರ್ಕೆಸ್ಟ್ರಾ ಕೃತಿ ಯಾವುವು ಅಂತ ಹುಡುಕಿದೆ. ಸಿಕ್ಕಿದ್ದು ರಷ್ಯಾದ ಸಂಗೀತಕಾರ ರಖ್ಮಾನಿನೋವ್‌ನ 'ಐಲ್ ಆಫ್ ದಿ ಡೆಡ್', ಅಂದರೆ ಸತ್ತವರ ದ್ವೀಪ. ಬೊಕ್ಲಿನ್ ಎಂಬ ಕಲಾವಿದನ ಚಿತ್ರವೊಂದರಲ್ಲಿ ಬಿಳಿ ಬಟ್ಟೆಯ ಆಕೃತಿ, ಶವಪೆಟ್ಟಿಗೆ ಇರುವ ದೋಣಿ ದ್ವೀಪದ ಕಡೆ ಹೋಗುತ್ತಿರುತ್ತದೆ. ಅದರ ಕಪ್ಪು ಬಿಳುಪು ಪ್ರತಿ ನೋಡಿ 1908-09ರ ಸುಮಾರಿಗೆ ಬರೆದದ್ದು ಇದು. ಐದರ ಎಣಿಕೆ ಇಲ್ಲಿ ದೋಣಿಯ ಹುಟ್ಟು ಹಾಕಿದಂತೆ ಕೇಳಿಸುತ್ತದೆ.

ಮೊದಲ ಸಲ ಮೊಬೈಲ್ ಸ್ಪೀಕರ್‌ನಲ್ಲಿ ಹಾಕಿದೆ, ಏನೂ ಕೇಳಲಿಲ್ಲ. ಶುರುವೆಲ್ಲ ಚೆಲ್ಲೊ, ಡಬಲ್ ಬಾಸ್‌ನಂಥ ಕೆಳಗಿನ ದನಿಗಳು, ಅದೂ ಮೆಲ್ಲಗೆ. ಹೆಡ್‌ಫೋನ್ ಹಾಕಿದರೆ ಫ್ಯಾನ್ ಸದ್ದು ಅಡ್ಡ. ಒಂದು ರಾತ್ರಿ ಕರೆಂಟ್ ಹೋಯಿತು, ಫ್ಯಾನ್ ನಿಂತಿತು. ಬೆವರು ಇಳಿಯುತ್ತಿತ್ತು, ಆದರೂ ಇಪ್ಪತ್ತು ನಿಮಿಷ ಕೂತಲ್ಲಿಂದ ಏಳಲಿಲ್ಲ. ಮರುದಿನ ಅದನ್ನೇ ದೊಡ್ಡ ಸ್ಪೀಕರ್‌ಗೆ ಹಾಕಿದಾಗ ಅವ್ವ ಒಳಗಿನಿಂದ ಕೇಳಿದಳು, "ಏನೋ ಇದು, ಯಾರರೆ ಸತ್ತಾರೇನು?" ಹೆಸರೂ ಗೊತ್ತಿಲ್ಲದೆ ಕೃತಿ ಅವಳಿಗೆ ತಲುಪಿತ್ತು.

ಆ ಕೃತಿಯಲ್ಲಿ ಒಂದು ಹಳೆಯ ರಾಗ ಹಣಕಿ ಹಾಕುತ್ತದೆ. 'ದಿಯೆಸ್ ಇರೇ', ಕ್ರೈಸ್ತರು ಸತ್ತವರಿಗಾಗಿ ಹಾಡುತ್ತಿದ್ದ ಲ್ಯಾಟಿನ್ ಗೀತೆ. ಅದರ ಮೊದಲ ನಾಲ್ಕು ಸ್ವರವನ್ನು ನಮ್ಮ ಕಾಕಾನ ಮುಂದೆ ಗುನುಗಿದೆ. ಭಜನೆಗೆ ಪೇಟಿ ಬಾರಿಸೋರು ಅವರು. ಕಣ್ಣು ಮುಚ್ಚಿ ಎರಡು ಸಲ ಕೇಳಿ ಬೆರಳಿಟ್ಟರು: ಗ, ರೆ, ಗ, ಸಾ. "ಗ ಕೋಮಲ ಅದ ನೋಡು," ಅಂದರು, ಅಂದರೆ ಸ್ವಲ್ಪ ಇಳಿಸಿದ ಗ. ಅದೊಂದು ಸಿಕ್ಕ ಮೇಲೆ ಬೀಗದ ಕೈ ಸಿಕ್ಕಂತಾಯಿತು. ಬೆರ್ಲಿಯೋಜ್‌ನ 'ಸಿಂಫನಿ ಫಂಟಾಸ್ಟಿಕ್' (1830) ಐದನೇ ಭಾಗದಲ್ಲಿ ಗಂಟೆ ಹೊಡೆದ ಮೇಲೆ ಅದೇ ಸ್ವರ. ಲಿಸ್ಟ್‌ನ 'ಟೋಟನ್‌ಟಾಂಜ್'ನಲ್ಲಿ ಪಿಯಾನೊ ಸುತ್ತಿಗೆಯಂತೆ ಬೀಳುತ್ತದೆ, ಅಲ್ಲೂ ಅದೇ. ರಖ್ಮಾನಿನೋವ್‌ನ ಕೊನೆಯ ಕೃತಿ 'ಸಿಂಫೋನಿಕ್ ಡಾನ್ಸಸ್' (1940), ಅಲ್ಲೂ! ಒಂದು ಮಾತು ಮಾತ್ರ ನೆನಪಿಡಿ. ಮೊಜಾರ್ಟ್ ಮತ್ತು ವೆರ್ದಿಯ 'ರೆಕ್ವಿಯಂ'ಗಳಲ್ಲೂ (ಸತ್ತವರಿಗಾಗಿನ ಪ್ರಾರ್ಥನೆಯ ಸಂಗೀತ) 'ದಿಯೆಸ್ ಇರೇ' ಇದೆ, ಆದರೆ ಪದ ಮಾತ್ರ ಅದು, ರಾಗ ಅವರದೇ. ವೆರ್ದಿಯದನ್ನಂತೂ ಬಿಡಬೇಡಿ, ಆ ದೊಡ್ಡ ಡ್ರಮ್ಮಿನ ಏಟಿಗೆ ಕಿಟಕಿ ಗಾಜು ಅದುರಿತ್ತು ನಮ್ಮನೇಲಿ.

ಹೆಸರು ಸಿಕ್ಕರೆ ಸಾಲದು, ಯಾವ ರೂಪ ಅಂತಲೂ ನೋಡಿ. ಮುಸೋರ್ಗ್‌ಸ್ಕಿಯ 'ನೈಟ್ ಆನ್ ಬಾಲ್ಡ್ ಮೌಂಟನ್' ಹುಡುಕಿದರೆ ಜಾಸ್ತಿ ಸಿಗೋದು ರಿಮ್‌ಸ್ಕಿ ಕೊರ್ಸಕೋವ್ 1886ರಲ್ಲಿ ತಿದ್ದಿದ್ದು. ಕೊನೆಗೆ ಚರ್ಚಿನ ಗಂಟೆ, ಬೆಳಗಾಗುವುದು, ಎಲ್ಲ ಶಾಂತ. 1867ರ ಮೂಲ ರೂಪದಲ್ಲಿ ಆ ಬೆಳಗೇ ಇಲ್ಲ. ಒರಟು ಒರಟಾಗಿದೆ, ಅಬ್ಬರದಲ್ಲೇ ಮುಗಿಯುತ್ತದೆ. ನನಗೆ ಅದೇ ಹೆಚ್ಚು. 'ಒರಿಜಿನಲ್ ವರ್ಷನ್' ಅಂತ ಸೇರಿಸಿ ಹುಡುಕಿ.

ಟೈಮ್ ಇಲ್ಲ ಅನ್ನೋರಿಗೆ ಶೋಸ್ತಕೋವಿಚ್‌ನ ಹತ್ತನೇ ಸಿಂಫನಿಯ (1953) ಎರಡನೇ ಭಾಗ. ಬರೀ ನಾಲ್ಕು ನಿಮಿಷ, ಉಸಿರಾಡಲು ಬಿಡಲ್ಲ.

ಈಗ ನಾನು ಸಿಬೇಲಿಯಸ್‌ನ 'ತಾಪಿಯೋಲಾ' (1926) ಕೇಳುತ್ತಿದ್ದೇನೆ. ಕೊನೆಗೆ ಬರುತ್ತಿದ್ದಂತೆ ತಂತಿವಾದ್ಯಗಳು ಮೆಲ್ಲಗೆ ಗುಂಯ್‌ಗುಡಲು ಶುರು ಮಾಡಿ, ಏರಿ ಏರಿ, ಇಡೀ ಕಾಡೇ ಅಲುಗಿದಂತೆ ಗಾಳಿ ಎಬ್ಬಿಸುತ್ತವೆ. ಮೊನ್ನೆ ಕಾಕಾನೂ ಪಕ್ಕದಲ್ಲಿ ಕೂತು ಹೆಡ್‌ಫೋನನ್ನು ಒಂದು ಕಿವಿಗೆ ಹಾಕಿಕೊಂಡರು. ಆ ಭಾಗ ಬಂದಾಗ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು.