ಉಪ್ಪಿನಕಾಯಿ ಮನೆಯ ಕಂಪ್ಯೂಟರಿಗೆ ಕಾಸಿಲ್ಲದ ಕಾವಲು

ನಮ್ಮ ಮನೆಯ ಕಂಪ್ಯೂಟರ್ ಕೂತಿರುವುದು ಜಗಲಿಯ ಮೂಲೆಯಲ್ಲಿ, ಉಪ್ಪು ಹಾಕಿಟ್ಟ ಮಾವಿನ ಮಿಡಿಯ ಭರಣಿಗಳ ಪಕ್ಕ. ಸಾಗರ ಪೇಟೆಯಿಂದ ಇಪ್ಪತ್ತೈದು ಕಿಲೋಮೀಟರ್ ಒಳಗಿನ ಊರು ನಮ್ಮದು. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಅಂಚೆಯಲ್ಲಿ ಕಳಿಸುತ್ತೇನೆ. ಗಿರಾಕಿಗಳ ವಿಳಾಸ, ಯಾರಿಗೆ ಖಾರ ಕಡಿಮೆ ಇರಬೇಕು, ಯಾರಿಗೆ ಜೀರಿಗೆ ಮಿಡಿಯೇ ಆಗಬೇಕು, ಯಾರು ಇನ್ನೂ ದುಡ್ಡು ಕೊಟ್ಟಿಲ್ಲ ಎಂಬುದೆಲ್ಲ ಆ ಪೆಟ್ಟಿಗೆಯಲ್ಲಿದೆ. ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುವ ಮಗ ಯಾರೋ ಬಳಸಿ ಬಿಟ್ಟದ್ದನ್ನು ಅಗ್ಗಕ್ಕೆ ತಂದುಕೊಟ್ಟಿದ್ದ. ನಾಲ್ಕು ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್, ವಿಂಡೋಸ್ 10. ಅದಕ್ಕೊಂದು ಉಚಿತ ಆಂಟಿವೈರಸ್ ಹುಡುಕಲು ನಾನು ಪಟ್ಟ ಪಾಡನ್ನು ಬರೆಯುತ್ತಿದ್ದೇನೆ. ಕಂಪ್ಯೂಟರ್ ಓದಿದವಳಲ್ಲ ನಾನು. ಆದರೆ ಕೆಡುವ ವಸ್ತುವನ್ನು ಕೆಡದಂತೆ ವರ್ಷಗಟ್ಟಲೆ ಇಡುವುದೇ ನನ್ನ ಕಸುಬು.

2025ರ ಮಾರ್ಚ್ ತಿಂಗಳು. ಮಿಡಿ ಬರುವ ಕಾಲ, ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಹೊಸ ಲೇಬಲ್ ಅಚ್ಚು ಹಾಕಿಸಲು ಪೆನ್‌ಡ್ರೈವ್ ಹಿಡಿದು ಪೇಟೆಯ ಒಂದು ಅಂಗಡಿಗೆ ಹೋಗಿದ್ದೆ. ಕೆಲಸ ಚೆನ್ನಾಗಿಯೇ ಆಯಿತು. ಮನೆಗೆ ಬಂದು ಪೆನ್‌ಡ್ರೈವ್ ಹಾಕಿದಾಗ ಫೋಲ್ಡರ್‌ಗಳೆಲ್ಲ ಇದ್ದವು, ಆದರೆ ಪ್ರತಿಯೊಂದರ ಕೆಳಮೂಲೆಯಲ್ಲೂ ಒಂದು ಪುಟ್ಟ ಬಾಣ. ಕ್ಲಿಕ್ ಮಾಡಿದೆ, ತೆರೆಯಿತು. ಮಾರನೆಯ ದಿನ ಇನ್ನೊಂದು ಪೆನ್‌ಡ್ರೈವ್ ಹಾಕಿದೆ, ಅದರಲ್ಲೂ ಬಾಣ. ಮಗನಿಗೆ ಫೋನ್ ಮಾಡಿದರೆ ಅವನು ಕೇಳಿದ್ದು ಒಂದೇ ಮಾತು: "ಅಮ್ಮ, ಆ ಫೋಲ್ಡರ್‌ಗಳ ಗಾತ್ರ ಎಷ್ಟಿದೆ ನೋಡು." ಒಂದೊಂದೂ ಎರಡು ಕೆಬಿ! ಇನ್ನೂರು ಫೋಟೊ ಇದ್ದ ಫೋಲ್ಡರ್ ಎರಡು ಕೆಬಿ.

ಆ ವೈರಸ್ಸಿನ ಚಾಳಿ ಹೀಗೆ: ಅಸಲಿ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಮುಂದೆ ನಿಲ್ಲಿಸುತ್ತದೆ. ನಾವು ಅದನ್ನು ಒತ್ತಿದಾಗ ಫೋಲ್ಡರೂ ತೆರೆಯುತ್ತದೆ, ಹಿಂದಿನ ಬಾಗಿಲಿನಿಂದ ವೈರಸ್ಸೂ ಓಡತೊಡಗುತ್ತದೆ. ಆದ್ದರಿಂದ ಏನೋ ಆಗಿದೆ ಎಂಬ ಗುಮಾನಿಯೇ ಬರುವುದಿಲ್ಲ. ಸಮಾಧಾನದ ಸಂಗತಿಯೆಂದರೆ ಫೈಲ್‌ಗಳು ಎಲ್ಲೂ ಹೋಗಿರುವುದಿಲ್ಲ. ಫೋಲ್ಡರಿನ 'ವ್ಯೂ' ಪಟ್ಟಿಯಲ್ಲಿ 'ಹಿಡನ್ ಐಟಮ್ಸ್' ಎಂಬುದಕ್ಕೆ ಗುರುತು ಹಾಕಿ, ಫೋಲ್ಡರ್ ಆಯ್ಕೆಗಳಲ್ಲಿ ಸಿಸ್ಟಮ್ ಫೈಲ್‌ಗಳನ್ನು ಮರೆಮಾಡುವ ಗುರುತನ್ನು ತೆಗೆದರೆ ಮಸುಕು ಬಣ್ಣದಲ್ಲಿ ಕಾಣಿಸಿಕೊಳ್ಳುತ್ತವೆ. ನನಗೆ ಇದು ತಿಳಿದದ್ದು ಆಮೇಲೆ. ಅಷ್ಟರಲ್ಲಿ ಕಂಪ್ಯೂಟರ್ ರಿಪೇರಿಯವನಿಗೆ ಮುನ್ನೂರು ರೂಪಾಯಿ ಕೊಟ್ಟು ಆಗಿತ್ತು.

ಅವನು ಒಂದು ಉಚಿತ ಆಂಟಿವೈರಸ್ ಹಾಕಿಕೊಟ್ಟ. ಹಿಂದಿನ ಮಾಲೀಕ ಹಾಕಿದ್ದ, ಅವಧಿ ಮುಗಿದ ಇನ್ನೊಂದನ್ನು ತೆಗೆಯಲಿಲ್ಲ. ಒಂದೇ ಮನೆಯ ಬಾಗಿಲಲ್ಲಿ ಇಬ್ಬರು ಕಾವಲುಗಾರರು! ನಾನು ಒಂದು ಫೈಲ್ ತೆರೆದರೆ ಇಬ್ಬರೂ ತಡೆದು ತಪಾಸಣೆ ಮಾಡುವುದು, ಒಬ್ಬನ ಚೀಲವನ್ನು ಇನ್ನೊಬ್ಬ ಅನುಮಾನಿಸುವುದು. ಬೆಳಿಗ್ಗೆ ಸ್ವಿಚ್ ಒತ್ತಿ, ಕೊಟ್ಟಿಗೆ ಕೆಲಸ ಮುಗಿಸಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ವೈರಸ್ ಇದ್ದಾಗಲೇ ಇದಕ್ಕಿಂತ ಚುರುಕಾಗಿತ್ತು ಎಂದು ನಮ್ಮವರು ಆಡಿಕೊಂಡರು.

ಆ ಉಚಿತ ಆಂಟಿವೈರಸ್ಸಿನ ಬಾಯಿಯೋ, ಮುಚ್ಚಿದ್ದೇ ಇಲ್ಲ. ವಿಳಾಸದ ಚೀಟಿ ಅಚ್ಚು ಹಾಕುವಾಗ ಎದ್ದು ಬಂದು, ನಿಮ್ಮ ಕಂಪ್ಯೂಟರಿನಲ್ಲಿ 213 ಸಮಸ್ಯೆಗಳಿವೆ ಎನ್ನುತ್ತಿತ್ತು. ಸರಿಪಡಿಸು ಎಂದರೆ ದುಡ್ಡು ಕೇಳುವ ಪುಟ. ಆ ಸಮಸ್ಯೆಗಳು ಯಾವುವು ಎಂದು ಒಂದು ರಾತ್ರಿ ಕೂತು ನೋಡಿದೆ. ಬ್ರೌಸರ್ ಉಳಿಸಿಕೊಂಡ ಕುಕಿಗಳು, ತಾತ್ಕಾಲಿಕ ಫೈಲ್‌ಗಳು, ಅಂದರೆ ಅಂಗಳದ ತರಗೆಲೆ. ವೈರಸ್ ಒಂದೂ ಇಲ್ಲ. ಅದನ್ನು ಸಹಿಸಿಕೊಳ್ಳುತ್ತಿದ್ದೆನೇನೋ, ಆದರೆ ಒಂದು ದಿನ ನನ್ನ ಕನ್ನಡ ಟೈಪಿಂಗ್ ತಂತ್ರಾಂಶವನ್ನೇ ಹಿಡಿದು ಕೂಡಿಹಾಕಿತು. ನಾವು ಒತ್ತುವ ಒಂದೊಂದು ಕೀಲಿಯನ್ನೂ ನಡುವೆ ಹಿಡಿದು ಕನ್ನಡ ಅಕ್ಷರವಾಗಿ ಬದಲಾಯಿಸುವುದು ಅಂಥ ತಂತ್ರಾಂಶದ ಕೆಲಸ. ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಕೀಲಿಗಳನ್ನು ಹಾಗೆಯೇ ಹಿಡಿಯುತ್ತದೆ. ಹೀಗಾಗಿ ಕನ್ನಡ ಬರೆಯುವುದು ಕಳ್ಳತನದಂತೆ ಕಂಡಿತು. ಅಂದು ಹೋಗಬೇಕಿದ್ದ ಪೊಟ್ಟಣಗಳ ವಿಳಾಸವನ್ನು ಕೈಯಲ್ಲಿ ಬರೆದು ಕಳಿಸಿದೆ.

ಯುಗಾದಿಗೆ ಬಂದ ಮಗ, "ಎಲ್ಲವನ್ನೂ ತೆಗೆದುಹಾಕು, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು" ಎಂದ. ಅಷ್ಟು ಸುಲಭಕ್ಕೆ ನಾನು ಒಪ್ಪಲಿಲ್ಲ. ವ್ಯಾಪಾರ ಮಾಡುವವಳಿಗೆ ಮೊದಲು ಹುಟ್ಟುವ ಪ್ರಶ್ನೆ ಬೇರೆ: ಪುಕ್ಕಟೆ ಕೊಡುವವನಿಗೆ ಏನು ಗಿಟ್ಟುತ್ತದೆ?

ಓದುತ್ತಾ ಹೋದಂತೆ ತಿಳಿದದ್ದು ಸ್ವಾರಸ್ಯವಾಗಿತ್ತು. ಪೇಟೆಯಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುವ ಅವಾಸ್ಟ್, ಎವಿಜಿ, ಅವೀರಾ ಮೂರೂ ಈಗ ಒಂದೇ ಒಡೆತನದಲ್ಲಿವೆ. ಎವಿಜಿಯನ್ನು 2016ರಲ್ಲಿ ಅವಾಸ್ಟ್ ಕೊಂಡಿತು, ಅವೀರಾವನ್ನು ನಾರ್ಟನ್ ಕಂಪನಿ ಕೊಂಡಿತು, 2022ರಲ್ಲಿ ಅವಾಸ್ಟೂ ನಾರ್ಟನ್ನೂ ಸೇರಿ ಮುಂದೆ ಜೆನ್ ಡಿಜಿಟಲ್ ಎಂಬ ಹೆಸರಾಯಿತು. ಇನ್ನೊಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಅವಾಸ್ಟ್ ತನ್ನ ಬಳಕೆದಾರರು ಯಾವ ಯಾವ ಜಾಲತಾಣ ನೋಡುತ್ತಾರೆ ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತ್ತು. 2020ರ ಜನವರಿಯಲ್ಲಿ ಅದು ಬಯಲಾದಾಗ ಆ ಅಂಗಸಂಸ್ಥೆಯನ್ನು ಮುಚ್ಚಿತು. 2024ರಲ್ಲಿ ಅಮೆರಿಕದ ವ್ಯಾಪಾರ ನಿಗಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಒಂದೂವರೆ ಕೋಟಿ ಡಾಲರಿಗೂ ಮಿಕ್ಕ ಹಣ ಕಟ್ಟಿಸಿಕೊಂಡು, ಜಾಹೀರಾತಿಗಾಗಿ ಅಂಥ ಮಾಹಿತಿ ಮಾರಕೂಡದೆಂದು ಕಟ್ಟು ಹಾಕಿತು. ಈಗ ಅವರು ಸರಿಯಾಗಿರಬಹುದು. ಆದರೂ ನನ್ನ ಗಿರಾಕಿಗಳ ಪಟ್ಟಿ ಇರುವ ಯಂತ್ರಕ್ಕೆ ಬೇಡ ಎನಿಸಿತು. ರಷ್ಯಾದ ಕ್ಯಾಸ್ಪರ್‌ಸ್ಕಿಯದೂ ಉಚಿತ ಆವೃತ್ತಿಯಿದೆ, ವೈರಸ್ ಹಿಡಿಯುವುದರಲ್ಲಿ ಅದು ನಿಪುಣ. ಆದರೆ ಅಮೆರಿಕ 2024ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದೆ. ದೇಶದೇಶಗಳ ಜಗಳ ನನಗೆ ಕಟ್ಟಿಕೊಂಡು ಏನಾಗಬೇಕು ಎಂದು ಅದನ್ನೂ ಬಿಟ್ಟೆ. ಪುಣೆಯ ಕ್ವಿಕ್ ಹೀಲ್ ನಮ್ಮ ಕಡೆಯ ಅಂಗಡಿಗಳಲ್ಲೆಲ್ಲ ಸಿಗುತ್ತದೆ, ಆದರೆ ಅದಕ್ಕೆ ದುಡ್ಡು ಕೊಡಬೇಕು.

ಡಿಫೆಂಡರ್ ಬಗ್ಗೆ ನನಗಿದ್ದ ಅಸಡ್ಡೆ ಹಳೆಯದು. ಮನೆಯ ಸಾರು ರುಚಿಯಿಲ್ಲ ಎನ್ನುವಂಥದ್ದು. ವಿಂಡೋಸ್ 7ರ ಕಾಲದಲ್ಲಿ ಆ ಹೆಸರಿನದು ನಮ್ಮ ಮೇಲೆ ಬೇಹು ನಡೆಸುವ ತಂತ್ರಾಂಶವನ್ನಷ್ಟೇ ಹಿಡಿಯುತ್ತಿತ್ತು, ಪೂರ್ತಿ ಆಂಟಿವೈರಸ್ ಆದದ್ದು 2012ರ ವಿಂಡೋಸ್ 8ರಿಂದ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎಂಬ ಎರಡು ಪರೀಕ್ಷಾಲಯಗಳು ಆಂಟಿವೈರಸ್‌ಗಳನ್ನು ನಿಯಮಿತವಾಗಿ ಒರೆಗೆ ಹಚ್ಚುತ್ತವೆ. ಮೊದಲನೆಯದು ರಕ್ಷಣೆ, ವೇಗ, ಬಳಕೆಯ ಅನುಕೂಲಕ್ಕೆ ತಲಾ ಆರರಂತೆ ಹದಿನೆಂಟು ಅಂಕ ಇಡುತ್ತದೆ. ಅಲ್ಲಿ ಡಿಫೆಂಡರ್ ದುಡ್ಡಿನವುಗಳ ಸಾಲಿನಲ್ಲೇ ನಿಲ್ಲುತ್ತದೆ. ಎರಡನೆಯದರ ವರದಿಯಲ್ಲಿ ನನಗೆ ಬೇಕಾದ ಸಂಗತಿ ಸಿಕ್ಕಿತು. ಅವರು ಇಂಟರ್ನೆಟ್ ಇದ್ದಾಗ ಎಷ್ಟು ಹಿಡಿಯುತ್ತದೆ, ಇಲ್ಲದಾಗ ಎಷ್ಟು ಎಂದು ಬೇರೆ ಬೇರೆ ಲೆಕ್ಕ ಕೊಡುತ್ತಾರೆ. ಇಂಟರ್ನೆಟ್ ಇಲ್ಲದಾಗ ಡಿಫೆಂಡರ್ ಬಲ ಕುಗ್ಗುತ್ತದೆ. ಸಂಶಯ ಬಂದ ಫೈಲನ್ನು ಅದು ಮೈಕ್ರೋಸಾಫ್ಟ್‌ನ ದೂರದ ಕಂಪ್ಯೂಟರುಗಳಲ್ಲಿ ಕೇಳಿ ತೀರ್ಮಾನಿಸುತ್ತದೆ, ಕೇಳಲು ದಾರಿಯಿಲ್ಲದಿದ್ದರೆ ತನಗೆ ಗೊತ್ತಿದ್ದಷ್ಟರಲ್ಲೇ ನೋಡಬೇಕು. ಬೆಂಗಳೂರಿನವರಿಗೆ ಇದು ಓದಿ ಬಿಡುವ ವಿಷಯ. ಪುನರ್ವಸು ಮಳೆ ಹಿಡಿದರೆ ಮರ ಬಿದ್ದು ಕರೆಂಟ್ ಹೋಗಿ, ಟವರಿನ ಬ್ಯಾಟರಿ ಇಳಿದು, ಮೊಬೈಲೂ ಸತ್ತು ವಾರ ಕಳೆಯುವ ನಮ್ಮಂಥವರಿಗಲ್ಲ.

ಆದರೂ ಡಿಫೆಂಡರನ್ನೇ ಆರಿಸಿದೆ. ಹೊಸದಾಗಿ ಇಳಿಸಿಕೊಳ್ಳುವ ಖರ್ಚಿಲ್ಲ, ನಮ್ಮದು ಮೊಬೈಲಿನಿಂದ ಹಂಚಿಕೊಳ್ಳುವ ಇಂಟರ್ನೆಟ್. ದುಡ್ಡು ಕೇಳಿ ಎದ್ದು ಬರುವುದಿಲ್ಲ. ಇಂಟರ್ನೆಟ್ ಇಲ್ಲದ ದಿನಗಳಿಗೆ ನಾನೇ ಒಂದು ಕಟ್ಟಳೆ ಮಾಡಿಕೊಂಡೆ, ಅದನ್ನು ಆಮೇಲೆ ಹೇಳುತ್ತೇನೆ.

ಹಳೆಯವೆರಡನ್ನೂ ತೆಗೆಯುವುದೇ ದೊಡ್ಡ ಕೆಲಸವಾಯಿತು. ಕಂಟ್ರೋಲ್ ಪ್ಯಾನೆಲ್‌ನಿಂದ ಕಿತ್ತರೂ ಒಂದರ ಬೇರು ಉಳಿದಿತ್ತು. ಇಂಥವನ್ನು ಪೂರ್ತಿ ಅಳಿಸಲು ಆಯಾ ಕಂಪನಿಯವರೇ ಪ್ರತ್ಯೇಕ ಸಾಧನ ಕೊಟ್ಟಿರುತ್ತಾರೆ, ಅದನ್ನು ಓಡಿಸಿದ ಮೇಲೆ ಹೋಯಿತು. ಬೇರೆ ಆಂಟಿವೈರಸ್ ಇರುವಾಗ ಡಿಫೆಂಡರ್ ತಾನಾಗಿ ಹಿಂದೆ ಸರಿದಿರುತ್ತದೆ, ಅದು ಹೋದೊಡನೆ ತಾನಾಗಿ ಎದ್ದು ನಿಲ್ಲುತ್ತದೆ. ಎದ್ದಿದೆಯೇ ಎಂದು ನೋಡಲು ಮಗ ಒಂದು ಉಪಾಯ ಹೇಳಿಕೊಟ್ಟ. ಐಕಾರ್ ಎಂಬ ಪರೀಕ್ಷಾ ಫೈಲ್ ಇದೆ, ಬರೀ 68 ಅಕ್ಷರಗಳದ್ದು. ಅದರಿಂದ ಯಾವ ಅಪಾಯವೂ ಇಲ್ಲ, ಆದರೆ ಅದನ್ನು ಕಂಡರೆ ಹಿಡಿಯಬೇಕೆಂದು ಆಂಟಿವೈರಸ್ ಮಾಡುವವರೆಲ್ಲ ಒಪ್ಪಿಕೊಂಡಿದ್ದಾರೆ. ಇಳಿಸಿಕೊಳ್ಳಲು ಹೋದೆ, ಡಿಸ್ಕಿಗೆ ಬೀಳುವ ಮೊದಲೇ ಮಾಯ. ಮುನ್ನೂರು ರೂಪಾಯಿ ತೆತ್ತ ದಿನ ಸಿಗದ ನೆಮ್ಮದಿ ಅಂದು ಸಿಕ್ಕಿತು.

ಸೆಟ್ಟಿಂಗ್‌ಗಳಲ್ಲಿ ಎರಡನ್ನು ಮುಟ್ಟಿದೆ. ಬೇಡದ ತಂತ್ರಾಂಶಗಳನ್ನು ತಡೆಯುವುದು ಚಾಲೂ ಇದೆಯೇ ಎಂದು ನೋಡಿಕೊಂಡೆ. 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಎಂಬುದನ್ನು ಚಾಲೂ ಮಾಡಿದೆ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್‌ಗಳಿಂದ ಫೋಲ್ಡರ್‌ಗಳನ್ನು ಕಾಯಲು ಅದಿರುವುದು, ತಾನಾಗಿ ಚಾಲೂ ಇರುವುದಿಲ್ಲ. ಮೊದಲ ದಿನ ನನ್ನ ಲೆಕ್ಕದ ತಂತ್ರಾಂಶವನ್ನೇ ಒಳಗೆ ಬಿಡದೆ ಸತಾಯಿಸಿತು, ಅನುಮತಿಯ ಪಟ್ಟಿಗೆ ಅದನ್ನು ಸೇರಿಸಿದ ಮೇಲೆ ತಕರಾರಿಲ್ಲ. ಜೊತೆಗೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಇಟ್ಟುಕೊಂಡಿದ್ದೇನೆ. ಮೊದಲ ಹದಿನಾಲ್ಕು ದಿನ ದುಡ್ಡಿನ ಆವೃತ್ತಿಯ ರುಚಿ ತೋರಿಸುತ್ತದೆ, ಅದು ಕಳೆದ ಮೇಲೆ ನಾವು ಕರೆದಾಗ ಮಾತ್ರ ಬಂದು ತಪಾಸಣೆ ಮಾಡುತ್ತದೆ. ಕಾವಲಿಗೆ ಒಬ್ಬ, ತಿಂಗಳಿಗೊಮ್ಮೆ ಲೆಕ್ಕ ನೋಡಲು ಇನ್ನೊಬ್ಬ, ಇಬ್ಬರಿಗೂ ಜಗಳವಿಲ್ಲ. ಇಡೀ ಡಿಸ್ಕಿನ ತಪಾಸಣೆಗೆ ನಮ್ಮ ಯಂತ್ರ ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ, ಯುಪಿಎಸ್ ತಡೆಯುವುದು ಕಾಲು ಗಂಟೆ. ಆದ್ದರಿಂದ ಆ ಕೆಲಸವನ್ನು ದೀಪಾವಳಿಯಿಂದ ಯುಗಾದಿಯ ನಡುವೆ ಮುಗಿಸುತ್ತೇನೆ. ಮಳೆಗಾಲದಲ್ಲಿ ಚುಟುಕು ತಪಾಸಣೆಯೇ ಗತಿ.

ಇಷ್ಟೆಲ್ಲ ಆದ ಮೇಲೆ ಒಂದು ಮಧ್ಯಾಹ್ನ ಮಾವ ಕೂಗಿದರು: "ಬಾ ಇಲ್ಲಿ, ಐದು ವೈರಸ್ ಬಂದಿದೆಯಂತೆ!" ಪರದೆಯ ಬಲಮೂಲೆಯಲ್ಲಿ ಕೆಂಪು ಗುರಾಣಿಯ ಎಚ್ಚರಿಕೆಗಳು ಒಂದರ ಮೇಲೊಂದು. ಡಿಫೆಂಡರ್‌ಗೆ ಕೇಳಿದರೆ ಏನೂ ಇಲ್ಲ ಎಂದಿತು, ಮಾಲ್‌ವೇರ್‌ಬೈಟ್ಸ್ ಕೂಡ ಅದನ್ನೇ ಹೇಳಿತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಮಾವ ಯಕ್ಷಗಾನದ ಹಳೆಯ ದೃಶ್ಯ ಹುಡುಕುತ್ತಾ ಯಾವುದೋ ತಾಣಕ್ಕೆ ಹೋಗಿದ್ದರು. ಅಲ್ಲಿ 'ಅನುಮತಿಸು' ಒತ್ತಿದರೆ ವೀಡಿಯೊ ಬರುತ್ತದೆ ಎಂದಿತ್ತು, ಒತ್ತಿದ್ದರು. ಅದು ಸೂಚನೆ ಕಳಿಸಲು ಬ್ರೌಸರ್ ಕೇಳಿದ ಅನುಮತಿ. ನಾವೇ ಮಣೆ ಹಾಕಿ ಕೂರಿಸಿದವನನ್ನು ಕಾವಲುಗಾರ ಹೇಗೆ ಓಡಿಸುತ್ತಾನೆ? ಬ್ರೌಸರಿನ ಸೆಟ್ಟಿಂಗ್‌ನಲ್ಲಿ ಸೂಚನೆಗಳ ಪಟ್ಟಿ ತೆರೆದು ಆ ತಾಣದ ಹೆಸರು ಅಳಿಸಿದೆ, ಐದು ವೈರಸ್ಸೂ ಹೋದವು. ಆಮೇಲೆ ಮಾವನಿಗೆ ಬೇರೆಯೇ ಖಾತೆ ಮಾಡಿಕೊಟ್ಟೆ, ನನ್ನ ಪಾಸ್‌ವರ್ಡ್ ಇಲ್ಲದೆ ಯಂತ್ರಕ್ಕೆಲ್ಲ ಅನ್ವಯಿಸುವ ಯಾವುದನ್ನೂ ಅದರಿಂದ ಹಾಕಲಾಗದು. ಮೊದಲು ಮುನಿಸಿಕೊಂಡರು. ಹಿನ್ನೆಲೆಗೆ ಚಂಡೆ ಮದ್ದಳೆಯ ಚಿತ್ರ ಹಾಕಿಕೊಟ್ಟ ಮೇಲೆ ಅದು ತಮ್ಮದೇ ಕಂಪ್ಯೂಟರ್ ಎನ್ನುತ್ತಿದ್ದಾರೆ.

ಈಗ ಕಟ್ಟಳೆಯ ಮಾತು. ಉಪ್ಪಿನಕಾಯಿ ಕೆಡುವುದು ಉಪ್ಪು ಕಡಿಮೆಯಾಗಿ ಎಂದು ಹೊಸಬರು ತಿಳಿದಿರುತ್ತಾರೆ. ನಾನು ಕಂಡಂತೆ ಹೆಚ್ಚಿನ ಭರಣಿ ಕೆಟ್ಟಿರುವುದು ಯಾರೋ ಒದ್ದೆ ಸೌಟು ಅದ್ದಿದ್ದರಿಂದ. ನಮ್ಮ ಮನೆಯ ಕಂಪ್ಯೂಟರಿನ ಒದ್ದೆ ಸೌಟು ಪೆನ್‌ಡ್ರೈವ್. ಹಾಗಾಗಿ ಹೊರಗೆ ಹೋಗುವ ಪೆನ್‌ಡ್ರೈವ್ ಒಂದೇ, ಅದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಒಳಗೆ ಬಂದರೆ ತೆರೆಯುವ ಮೊದಲು ಅದರ ಮೇಲೆ ಬಲ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ತಪಾಸಣೆ. ಇಡೀ ಡಿಸ್ಕಿನ ತಪಾಸಣೆಯಲ್ಲಿ ಪೆನ್‌ಡ್ರೈವ್ ಸೇರುವುದಿಲ್ಲ, ಬೇರೆಯಾಗಿಯೇ ಮಾಡಬೇಕು. ಟವರ್ ಸತ್ತ ದಿನಗಳಲ್ಲಿ ಯಾರ ಪೆನ್‌ಡ್ರೈವ್‌ಗೂ ಪ್ರವೇಶವಿಲ್ಲ, ಮಗನದಕ್ಕೂ ಇಲ್ಲ. ಒಮ್ಮೆ ಮಾತ್ರ ಈ ಕಟ್ಟಳೆ ಮುರಿದೆ: ಆಶ್ಲೇಷ ಮಳೆಯಲ್ಲಿ ಒಂಬತ್ತು ದಿನ ಇಂಟರ್ನೆಟ್ ಇರಲಿಲ್ಲ, ಡಿಫೆಂಡರ್‌ನ ಹೊಸ ಮಾಹಿತಿಯ ಫೈಲನ್ನು ಮೈಕ್ರೋಸಾಫ್ಟ್‌ನ ತಾಣದಿಂದ ಇಳಿಸಿ ಮಗ ಶಿವಮೊಗ್ಗದಿಂದ ತಂದ. ತಂದದ್ದು ಪೆನ್‌ಡ್ರೈವಿನಲ್ಲೇ! ಹೊಸದಾಗಿ ಕೊಂಡದ್ದು ಎಂದು ಆಣೆ ಹಾಕಿದ ಮೇಲೆ ಬಿಟ್ಟುಕೊಂಡೆ.

ಅಚ್ಚಿನ ಅಂಗಡಿಗೆ ಈಗ ಲೇಬಲನ್ನು ಪಿಡಿಎಫ್ ಮಾಡಿ ಇಮೇಲಿನಲ್ಲಿ ಕಳಿಸುತ್ತೇನೆ. ಅಂಥ ಅಂಗಡಿ ನಡೆಸುವವರು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಕಡೆ ನೋಡುವುದು ಒಳ್ಳೆಯದು. 2017ರಲ್ಲಿ ಶುರುವಾದ ಅದು ಯುಎಸ್‌ಬಿ ಪ್ರತಿರೋಧ್ ಎಂಬ, ಒಪ್ಪಿಗೆಯಿಲ್ಲದ ಪೆನ್‌ಡ್ರೈವ್‌ಗಳನ್ನು ತಡೆಯುವ ಉಚಿತ ಸಾಧನವನ್ನು ಪರಿಚಯಿಸಿತ್ತು. ವಿಳಾಸಗಳ ಇನ್ನೊಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿದೆ. ಕೆಲಸ ಮುಗಿದೊಡನೆ ಅದನ್ನು ಕಳಚಿ ಸ್ಟೀಲ್ ಡಬ್ಬದಲ್ಲಿಡುತ್ತೇನೆ, ತೇವ ಹೀರುವ ಪೊಟ್ಟಣಗಳ ಜೊತೆಗೆ. ಮಲೆನಾಡಿನ ಬೂಷ್ಟು ಯಾವ ಆಂಟಿವೈರಸ್ಸಿಗೂ ಹೆದರುವುದಿಲ್ಲ.

ಉಳಿದಿರುವ ಚಿಂತೆ ವಿಂಡೋಸ್ 10ರದು. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರ್‌ಗೆ ಬೇಕಾದ ವೈರಸ್ ಮಾಹಿತಿ 2028ರ ಅಕ್ಟೋಬರ್‌ವರೆಗೆ ಬರುತ್ತದಂತೆ, ಆದರೆ ವಿಂಡೋಸಿನ ಬಿರುಕುಗಳನ್ನು ಮುಚ್ಚುವುದು ಬೇರೆಯೇ ಕೆಲಸ. ಅದಕ್ಕಾಗಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ, ಸೆಟ್ಟಿಂಗ್‌ಗಳ ಬ್ಯಾಕಪ್‌ಗೆ ಒಪ್ಪಿ, 2026ರ ಅಕ್ಟೋಬರ್ 13ರವರೆಗಿನ ಹೆಚ್ಚುವರಿ ಭದ್ರತೆಯನ್ನು ದುಡ್ಡಿಲ್ಲದೆ ಪಡೆದಿದ್ದೇನೆ. ವಿಂಡೋಸ್ 11 ಹಾಕೋಣವೆಂದರೆ ನಮ್ಮ ಪ್ರೊಸೆಸರ್ ಹಳೆಯದಾಯಿತೆಂದು ಅದು ಒಪ್ಪುತ್ತಿಲ್ಲ. ಅಷ್ಟರೊಳಗೆ ಇನ್ನೊಂದು ಮಿಡಿ ಹಂಗಾಮು ಬರುತ್ತದೆ. ಹೊಸ ಯಂತ್ರದ ದುಡ್ಡು ಈಗಾಗಲೇ ಭರಣಿಯಲ್ಲಿದೆ, ಮಾರಾಟವಾಗುವುದೊಂದು ಬಾಕಿ.